ಮೂಳೆಯೊಳಗೊಂದು ಟವೆಲ್

ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ವಿದ್ಯೆಯನ್ನು ಮೊದಲು ಯಾರು ಕಂಡುಹಿಡಿದರೋ ಗೊತ್ತಿಲ್ಲ. ಅವರಿಗೆ ಯಾವ ಪ್ರಶಸ್ತಿಯೂ ಬಂದ ಹಾಗಿಲ್ಲ. ಆದರೆ ಸಂತೆಯ ದಿನ ತುಮಕೂರು ಬಸ್‌ಸ್ಟ್ಯಾಂಡಿನಲ್ಲಿ ನಿಂತು ನೋಡಿದವರಿಗೆ ಅದರ ಮಹಿಮೆ ಗೊತ್ತು. ಬಸ್ಸು ಇನ್ನೂ ಸರಿಯಾಗಿ ನಿಂತಿರುವುದಿಲ್ಲ, ಇಳಿಯುವವರು ಇಳಿದಿರುವುದಿಲ್ಲ, ಅಷ್ಟರಲ್ಲಿ ಕಿಟಕಿಯ ಸಂದಿಯಿಂದ ಟವೆಲ್ಲು, ಕರ್ಚೀಫು, ಬ್ಯಾಗು, ಒಮ್ಮೊಮ್ಮೆ ಹೆತ್ತ ಕೂಸು ಕೂಡ ಒಳಗೆ ಹೋಗಿ ಸೀಟಿನ ಮೇಲೆ ಕೂತಿರುತ್ತದೆ. ಆಮೇಲೆ ಬಾಗಿಲಲ್ಲಿ ನೂಕಾಡಿ ಹತ್ತಿದವನು ಎಂಥ ಗಟ್ಟಿ ಆಳಾದರೂ ಟವೆಲ್ ಬಿದ್ದ ಸೀಟಿನಲ್ಲಿ ಕೂರುವುದಿಲ್ಲ. "ಯಾರಾದ್ರೂ ಬರ್ತಾರಾ?" ಎಂದು ಕೇಳುತ್ತಾನೆ. "ಬರ್ತಾರೆ" ಎಂದರೆ ಮುಗಿಯಿತು, ಕಂಬಿ ಹಿಡಿದು ನಿಂತುಕೊಳ್ಳುತ್ತಾನೆ. ಪೊಲೀಸರಿಗೂ ದೇವರಿಗೂ ಹೆದರದವನು ಒಂದು ಹಳೇ ಟವೆಲ್ಲಿಗೆ ಹೆದರುತ್ತಾನೆ. ಬಸ್ಸುಗಳು ಡೀಸೆಲ್ ಬಿಟ್ಟು ಕರೆಂಟಿಗೆ ಬಂದವು, ಟಿಕೆಟ್ಟು ಮೊಬೈಲಿಗೆ ಬಂತು, ಟವೆಲ್ಲು ಮಾತ್ರ ಹೋಗಲಿಲ್ಲ.

ಶಾಂಭವಿ ಬೆಳೆದದ್ದೇ ಈ ಟವೆಲ್ಲುಗಳ ನಡುವೆ. ಅಪ್ಪ ಅವ್ವ ಬೇಗ ಹೋಗಿಬಿಟ್ಟಿದ್ದರು. ಸಾಕಿದವನು ಅಣ್ಣ ಮರುಳಪ್ಪ, ತುಮಕೂರು-ಹುಳಿಯಾರು ರೂಟಿನ ಕಂಡಕ್ಟರು. ಗುಬ್ಬಿಯಿಂದ ತುಮಕೂರಿನ ಕಾಲೇಜಿಗೆ ಅವಳು ಅವನ ಬಸ್ಸಿನಲ್ಲೇ ಹೋಗುತ್ತಿದ್ದಳು. ಡ್ರೈವರ್ ಹಿಂದಿನ ಸೀಟಿನ ಮೇಲೆ ಮರುಳಪ್ಪನ ಕೆಂಪು ಅಂಚಿನ ಟವೆಲ್ ಹುಳಿಯಾರಿನಿಂದಲೇ ಬಿದ್ದಿರುತ್ತಿತ್ತು. ಯಾರಾದರೂ ಗೊಣಗಿದರೆ, "ನಮ್ ತಂಗಿ ಓದ್ಕಳೋ ಸೀಟು ಕಣ್ರೀ ಅದು. ಅವ್ಳು ಡಾಕ್ಟ್ರಾದ್ರೆ ನಿಮ್ಮನ್ನೇ ನೋಡದು, ಸುಮ್ನಿರ್ರಿ" ಎನ್ನುತ್ತಿದ್ದ. ಜನ ನಗುತ್ತಿದ್ದರು. ಶಾಂಭವಿಗೆ ನಾಚಿಕೆಯಾಗುತ್ತಿತ್ತು. ಆದರೂ ಅದೇ ಸೀಟಿನಲ್ಲಿ ಕೂತು ಓದಿದಳು, ಓದಿ ಡಾಕ್ಟರೂ ಆದಳು. ರೋಗಿಗಳನ್ನು ನೋಡುವ ಡಾಕ್ಟರಾಗುವ ಬದಲು ಮೂಳೆಯ ಮಜ್ಜೆಯನ್ನು ನೋಡುವ ಸಂಶೋಧಕಿಯಾದಳು. ಅದನ್ನು ಮರುಳಪ್ಪ ಕೊನೆಯವರೆಗೂ ಒಪ್ಪಿಕೊಳ್ಳಲಿಲ್ಲ. "ಮಾತ್ರೆ ಬರ್ಕೊಡಕ್ಕೆ ಬರದಿರೋ ಅದೆಂಥ ಡಾಕ್ಟ್ರವ್ವ ನೀನು" ಎಂದು ಛೇಡಿಸುತ್ತಲೇ ಇದ್ದ.

ಮೂಳೆ ಎಂದರೆ ನಾವು ತಿಳಿದ ಹಾಗೆ ಬರೀ ಒಣಕಡ್ಡಿಯಲ್ಲ. ಒಳಗೆ ಮಜ್ಜೆಯಿದೆ, ಮಜ್ಜೆಯಲ್ಲಿ ರಕ್ತದ ತಾಯಿಕೋಶಗಳಿವೆ. ಹೊಸ ರಕ್ತ ಹೆರುವುದು ಅವುಗಳ ಕೆಲಸ. ಅವು ಎಲ್ಲೆಂದರಲ್ಲಿ ಕೂರುವುದಿಲ್ಲ. ಮೂಳೆಯ ಒಳಗೋಡೆಗೆ ಅಂಟಿಕೊಂಡು ಕೆಲವು ಗೂಡುಗಳಿವೆ, ಅಲ್ಲೇ ಕೂರಬೇಕು. ರಕ್ತದಲ್ಲಿ ಅಲೆಯಲು ಹೋದ ತಾಯಿಕೋಶಗಳು ಮನೆಗೆ ವಾಪಸು ಬರಲಿ ಎಂದು ಗೋಡೆಯ ಕೋಶಗಳು ಒಂದು ರಾಸಾಯನಿಕವನ್ನು ಸೂಸುತ್ತವೆ, ತಾಯಿಕೋಶದ ಮೈಮೇಲೆ ಆ ವಾಸನೆ ಹಿಡಿಯುವ ಮೂಗಿದೆ. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಕೋಶದ ಕಳ್ಳತನ ಇರುವುದು ಇಲ್ಲೇ. ಅದು ಅಂಥದೇ ಮೂಗು ಬೆಳೆಸಿಕೊಳ್ಳುತ್ತದೆ. ಗ್ರಂಥಿಯಿಂದ ಕಳಚಿ ರಕ್ತಕ್ಕೆ ಬಿದ್ದು, ವಾಸನೆ ಹಿಡಿದು ಸೊಂಟದ ಮೂಳೆಗೋ ಬೆನ್ನೆಲುಬಿಗೋ ಬಂದು, ತಾಯಿಕೋಶವನ್ನು ನೂಕಿ ಅದರ ಜಾಗದಲ್ಲಿ ಕೂತುಬಿಡುತ್ತದೆ.

ಕೂತ ಕೂಡಲೇ ಗಲಾಟೆ ಮಾಡುವುದಿಲ್ಲ. ಗೋಡೆಯ ಕೋಶಗಳು ತಮ್ಮ ತಾಯಿಕೋಶಕ್ಕೆ ಹೇಳುವ ಹಾಗೆ ಅದಕ್ಕೂ 'ಮಲಗು' ಎನ್ನುತ್ತವೆ. ಅದೂ ವರ್ಷಗಟ್ಟಲೆ ಮಲಗುತ್ತದೆ. ಮೂಳೆ ಸವೆದಾಗ, ಮುರಿದಾಗ, ಹಳೆಯದನ್ನು ಕೆಡವಿ ದೇಹ ಹೊಸದನ್ನು ಕಟ್ಟುವಾಗ ಎಚ್ಚರವಾಗುತ್ತದೆ. ಎದ್ದ ಮೇಲೆ ಮೂಳೆ ಕಟ್ಟುವ ಕೋಶಗಳಿಂದ ಅಡ್ಡಾದಿಡ್ಡಿ ಕಟ್ಟಿಸುತ್ತದೆ, ಕರಗಿಸುವ ಕೋಶಗಳಿಂದ ಕರಗಿಸುತ್ತದೆ, ಕರಗಿದ ಮೂಳೆಯಿಂದ ಬಿದ್ದ ಸತ್ವವನ್ನು ತಿಂದು ತಾನು ಕೊಬ್ಬುತ್ತದೆ. ಆ ನೋವಿನಲ್ಲಿ ಮಗ್ಗುಲು ಬದಲಿಸಲೂ ಆಗದೆ ಮಲಗಿದ ಗಂಡಸರನ್ನು ಶಾಂಭವಿ ವಾರ್ಡಿನಲ್ಲಿ ನೋಡಿದ್ದಳು. ಅವಳಿಗೆ ಹೊಳೆದ ಪ್ರಶ್ನೆ ಬಹಳ ಸರಳವಾಗಿತ್ತು. ಆ ಸೀಟುಗಳ ಮೇಲೆಲ್ಲ ಮೊದಲೇ ಟವೆಲ್ ಹಾಕಿಬಿಟ್ಟರೆ?

ಹಾಕಿದಳು ಕೂಡ. ತುಮಕೂರಿನ ಹೊರಗೆ ಹೆದ್ದಾರಿ ಪಕ್ಕದ ಸಂಶೋಧನಾ ಕೇಂದ್ರದಲ್ಲಿ ಅವಳ ತಂಡ ತಯಾರಿಸಿದ್ದು ಕಣ್ಣಿಗೆ ಕಾಣದಷ್ಟು ತೆಳುವಾದ ಒಂದು ಪೊರೆ. ತೋಳಿನ ರಕ್ತನಾಳಕ್ಕೆ ಚುಚ್ಚಿದರೆ ಸಾಕು, ಅದು ಮಜ್ಜೆಗೆ ಹೋಗಿ ಗೂಡುಗಳ ಮೇಲೆ ಹಾಸಿಕೊಳ್ಳುತ್ತಿತ್ತು. ಅದನ್ನು ಸರಿಸುವ ಕೀಲಿ ದೇಹದ ಸ್ವಂತ ತಾಯಿಕೋಶಗಳ ಹತ್ತಿರ ಮಾತ್ರ ಇತ್ತು. ಪತ್ರಿಕೆಗಳಲ್ಲಿ ಅದಕ್ಕೆ ಉದ್ದನೆಯ ಹೆಸರಿತ್ತು, ಲ್ಯಾಬಿನಲ್ಲಿ ಮಾತ್ರ ಎಲ್ಲರೂ ಟವೆಲ್ ಎಂದೇ ಕರೆದರು. ಜನರ ಬಾಯಲ್ಲೂ ಅದೇ ನಿಂತಿತು.

ಮೊದಲು ಹಾಕಿಸಿಕೊಂಡವನು ಮರುಳಪ್ಪನೇ. ಅವನಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಆಗಿ ಗ್ರಂಥಿಯನ್ನು ತೆಗೆದುಹಾಕಿದ್ದರು. ರಕ್ತದಲ್ಲಿ ಅಲೆಯುವ ಕೋಶಗಳೇನಾದರೂ ಉಳಿದಿದ್ದರೆ ಮೂಳೆಗೆ ಸೇರದಿರಲಿ ಎಂದು ತಂಗಿ ಕೇಳಿದಳು, ಅಣ್ಣ ತೋಳು ಚಾಚಿದ. ಟವೆಲ್ ಹಾಸುವ ಮುನ್ನ ಸೀಟುಗಳು ಖಾಲಿಯಿವೆಯೇ ಎಂದು ನೋಡಲು ಸೊಂಟದ ಎರಡೂ ಕಡೆ, ಬೆನ್ನೆಲುಬಿನಲ್ಲಿ, ಎದೆಯ ಮೂಳೆಯಲ್ಲಿ ಸೂಜಿ ಇಳಿಸಿ ಮಜ್ಜೆ ತೆಗೆಯಬೇಕೆಂಬ ನಿಯಮವಿತ್ತು. ಬಲಸೊಂಟದ ಸೂಜಿ ಮೂಳೆಯನ್ನು ಕೊರೆದು ಒಳಗೆ ಹೋದಾಗ, ಕುಡುಕರನ್ನು ಕುತ್ತಿಗೆಪಟ್ಟಿ ಹಿಡಿದು ಬಸ್ಸಿನಿಂದ ಇಳಿಸುತ್ತಿದ್ದ ಮರುಳಪ್ಪ "ಅವ್ವಾ" ಎಂದು ಕೂಗಿ ಅತ್ತುಬಿಟ್ಟ. ಶಾಂಭವಿ ಅವನು ಅತ್ತದ್ದನ್ನು ಅಲ್ಲಿಯವರೆಗೆ ನೋಡಿರಲಿಲ್ಲ. ಸ್ಕ್ಯಾನ್ ಶುದ್ಧವಿತ್ತು, ರಕ್ತ ಶುದ್ಧವಿತ್ತು, ಬಲಗಡೆಯ ಮಜ್ಜೆಯೂ ಶುದ್ಧವಿತ್ತು. "ಸಾಕು, ಉಳಿದ ಕಡೆ ಬಿಡಿ" ಎಂದಳು. ಟವೆಲ್ ಹಾಸಿದ ಮೇಲೂ ಅವನು ಚೆನ್ನಾಗಿಯೇ ಇದ್ದ. ಅವನಿಗೇ ಬೇಡವಾದ ಸೂಜಿ ಬೇರೆಯವರಿಗೆ ಯಾಕೆ ಎಂದು, ಮುಂದೆ ಬಂದವರಿಗೆ ಆ ಒಂದು ಸೂಜಿಯನ್ನೂ ಕೈಬಿಟ್ಟರು.

ಆಮೇಲೆ ನಡೆದದ್ದು ಊರಿಗೇ ಗೊತ್ತು. ಅರವತ್ತು ದಾಟಿದವರು ಕನ್ನಡಕ ಹಾಕಿಸಿಕೊಂಡಷ್ಟು ಸಲೀಸಾಗಿ ಟವೆಲ್ ಹಾಕಿಸಿಕೊಂಡರು. ಹೋಟೆಲಿನಲ್ಲಿ ಕಾಫಿ ಕುಡಿಯುತ್ತ "ಏನ್ ಗೌಡ್ರೇ, ನಿಮ್ದು ಸೀಟ್ ಹಿಡ್ದಾಯ್ತಾ?" ಎಂದು ಒಬ್ಬರನ್ನೊಬ್ಬರು ಕಿಚಾಯಿಸಿದರು. ಹಾಕಿಸಿಕೊಂಡ ಗುರುತಿಗೆ ಹೆಗಲ ಮೇಲೊಂದು ಹಸಿರು ಟವೆಲ್ ಹೊದ್ದು ಓಡಾಡುವುದು ಗಂಡಸರಲ್ಲಿ ಒಂದು ಷೋಕಿಯಾಯಿತು. ಮೂಳೆಗೆ ಹರಡಿ ಬಂದವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯಿತು. ಶಾಂಭವಿ ಹೆಸರು ದೊಡ್ಡದಾಯಿತು. ಅವಳ ಹತ್ತಿರ ಮಾತ್ರೆ ಬರೆಸಿಕೊಳ್ಳಬಹುದು ಎಂದು ಜನ ಈಗಲೂ ನಂಬಿದ್ದರು.

ಸಂತೋಷ ಎಂಬುದು ಹೀಗೆಯೇ, ಲೆಕ್ಕ ಕೇಳುವವರು ಬರುವವರೆಗೆ.

ಲೆಕ್ಕ ಕೇಳಲು ಬಂದವಳು ರೆಹಾನಾ. ಸೂಕ್ಷ್ಮದರ್ಶಕದ ಕೋಣೆ ಅವಳದು. ಒಂದು ಬೆಳಿಗ್ಗೆ ಶಾಂಭವಿ ಚಪ್ಪಲಿ ಬಿಟ್ಟು ಒಳಗೆ ಬರುವಷ್ಟರಲ್ಲಿ ಬಾಗಿಲಲ್ಲೇ ನಿಂತಿದ್ದಳು.

"ಮೇಡಮ್, ಟೀ ಆಮೇಲೆ ಕುಡಿಯೋಣ. ಮೊದಲು ಇದನ್ನ ನೋಡಿ."

ಶಿರಾ ಕಡೆಯ ಒಬ್ಬ ನಿವೃತ್ತ ಪಿ.ಟಿ. ಮೇಷ್ಟರು ಸ್ಕೂಟರಿನಿಂದ ಬಿದ್ದು ಸೊಂಟ ಮುರಿದುಕೊಂಡು, ಕೆಲವು ವಾರ ಆಸ್ಪತ್ರೆಯಲ್ಲಿದ್ದು ತೀರಿಕೊಂಡಿದ್ದರು. ಅವರೂ ಟವೆಲ್ ಹಾಕಿಸಿಕೊಂಡವರು. ಸತ್ತ ಮೇಲೆ ದೇಹವನ್ನು ಕೇಂದ್ರಕ್ಕೆ ಕೊಡಬೇಕೆಂದು ಮನೆಯವರಿಗೆ ಹೇಳಿಟ್ಟಿದ್ದರು. ಅವರ ಮೂಳೆಯ ಚೂರು ಈಗ ಮಸೂರದ ಕೆಳಗಿತ್ತು. ಟವೆಲ್ ಹಸಿರಾಗಿ, ಕ್ಯಾನ್ಸರ್ ಕೋಶ ಕೆಂಪಾಗಿ ಕಾಣುವ ಹಾಗೆ ರೆಹಾನಾ ಬಣ್ಣ ಹಾಕಿದ್ದಳು.

ಶಾಂಭವಿ ಕಣ್ಣಿಟ್ಟಳು. ಹಸಿರಿನ ಅಡಿಯಲ್ಲಿ ಕೆಂಪು ಇತ್ತು. ಇಲ್ಲೊಂದು, ಅಲ್ಲೊಂದು, ಒಂಟೊಂಟಿಯಾಗಿ ಮುದುಡಿ ಮಲಗಿತ್ತು.

"ಇದು ಮುರೀದೇ ಇದ್ದ ಕಡೆ. ಮುರಿದ ಜಾಗ ನೋಡಿ" ಎಂದು ರೆಹಾನಾ ಗಾಜನ್ನು ಸರಿಸಿದಳು.

ಅಲ್ಲಿ ಹಸಿರು ಹರಿದುಹೋಗಿತ್ತು. ಉದ್ದಕ್ಕೂ ಕೆಂಪು.

ಶಾಂಭವಿ ಗಾಜನ್ನು ಮೊದಲಿನ ಜಾಗಕ್ಕೆ ಸರಿಸಿ ಇನ್ನೊಮ್ಮೆ ನೋಡಿದಳು. "ಟವೆಲ್ ದಾಟಿ ಹೇಗೆ ಬಂದ್ವು?" ಎಂದಳು.

"ದಾಟಿ ಬಂದಿಲ್ಲ ಮೇಡಮ್. ಮೊದಲೇ ಕೂತಿದ್ವು. ಗ್ರಂಥಿಯಲ್ಲಿ ಕ್ಯಾನ್ಸರ್ ಇದೆ ಅಂತ ಗೊತ್ತಾಗೋ ಮುಂಚೆನೇ ಬಂದು ಮಲಗಿದ್ವು. ಒಂಟಿ ಕೋಶ ಯಾವ ಸ್ಕ್ಯಾನಿಗೆ ಕಾಣುತ್ತೆ? ನಾವು ಅವುಗಳ ಮೇಲೇನೇ ಟವೆಲ್ ಹಾಕಿದ್ವಿ."

ಶಾಂಭವಿಗೆ ಒಂದು ಹಳೆಯ ಬಸ್ಸು ನೆನಪಾಯಿತು. ಹೊರಗಿನಿಂದ ಯಾರೋ ಎಸೆದ ಟವೆಲ್ ಒಳಗೆ ಕೂತೇ ಇದ್ದ ಒಬ್ಬ ಅಜ್ಜಿಯ ಮಡಿಲಿಗೆ ಬಿದ್ದಿತ್ತು. ಅಜ್ಜಿಯ ಹತ್ತಿರ ಟಿಕೆಟ್ ಇರಲಿಲ್ಲ. ಅವಳು ಟವೆಲ್ಲನ್ನು ತಲೆತುಂಬ ಹೊದ್ದು ನಿದ್ದೆ ಹೋದಳು. ಟವೆಲ್ ಹಾಕಿ ಸೀಟು ಹಿಡಿದವಳೇ ಇವಳು ಎಂದುಕೊಂಡು ಹುಳಿಯಾರಿನವರೆಗೆ ಒಬ್ಬರೂ ಅವಳನ್ನು ಕೇಳಲಿಲ್ಲ, ಮರುಳಪ್ಪನೂ ಕೇಳಲಿಲ್ಲ. ಟವೆಲ್ಲನ್ನು ಯಾವಾಗಲೂ ಹೊರಗೆ ನಿಂತೇ ಎಸೆಯುತ್ತಾರೆ. ಒಳಗೆ ಹತ್ತಿ ನೋಡಿ ಯಾರೂ ಎಸೆಯುವುದಿಲ್ಲ. ಮಜ್ಜೆಯಲ್ಲೂ ಹಾಗೇ ಆಗಿತ್ತು. ಗಸ್ತು ತಿರುಗುವ ಬಿಳಿರಕ್ತಕಣಗಳು ಟವೆಲ್ಲಿನ ಹೊದಿಕೆ ಕಂಡು, ಇದು ನಮ್ಮವರದೇ ಜಾಗ ಎಂದು ಮುಂದೆ ಹೋಗುತ್ತಿದ್ದವು. ಔಷಧಿಯೂ ಒಳಗೆ ಇಳಿಯುತ್ತಿರಲಿಲ್ಲ. ಇಷ್ಟು ಸುಖದ ನಿದ್ದೆಯನ್ನು ಕ್ಯಾನ್ಸರಿಗೆ ಬೇರೆ ಯಾರೂ ಕೊಟ್ಟಿರಲಾರರು.

"ಎಲ್ಲರಲ್ಲೂ ಹೀಗೇ ಇರುತ್ತಾ?" ಎಂದಳು.

"ಎಲ್ಲರಲ್ಲೂ ಇರಲಿಕ್ಕಿಲ್ಲ. ಯಾರಲ್ಲಿ ಇದೆ ಅಂತ ಟವೆಲ್ ತೆಗೀದೆ ಗೊತ್ತಾಗಲ್ಲ" ಎಂದಳು ರೆಹಾನಾ. ಅವಳ ದನಿ ಸಣ್ಣಗಾಗಿತ್ತು. ಅವಳ ತಂದೆಯೂ ಹಸಿರು ಟವೆಲ್ ಹೊದ್ದವರೇ.

ಕೇಂದ್ರದ ನಿರ್ದೇಶಕರು ಡಾ. ಇನಾಮದಾರ, ವಿಜಯಪುರದ ಕಡೆಯವರು. ದೊಡ್ಡ ದನಿಯ ಮನುಷ್ಯ. ಆ ದಿನ ಬಾಗಿಲು ಹಾಕಿಕೊಂಡು ಮೆಲ್ಲಗೆ ಮಾತಾಡಿದರು.

"ನೋಡ್ರಿ ಮೇಡಮ್, ಮಲಗಿದ ಕೋಶಕ್ಕ ನಮ್ಮ ಕಡೆ ಮದ್ದಿಲ್ಲ. ಎದ್ದ ಕೋಶಕ್ಕ ಅದ. ಟವೆಲ್ ಬಿಡಿಸೋ ಇಂಜೆಕ್ಷನ್ನೂ ಅದ. ಆದರ ಟವೆಲ್ ಬಿಡಿಸಿದ್ರ ಗೋಡೆ ಅಲುಗಾಡ್ತದ, ಮಲಗಿದ್ದು ಏಳ್ತದ. ಎದ್ದ ಹೊತ್ತಿಗೆ ಸರಿಯಾಗಿ ಮದ್ದು ಬೀಳಬೇಕು. ಮೊದಲ ಹಾಕಿದ್ರ ದಂಡ, ತಡಾ ಮಾಡಿದ್ರ ಕೈ ಮೀರ್ತದ. ಆ ಹೊತ್ತು ಯಾವಾಗ ಅನ್ನೂದು ಯಾರಿಗೂ ಗೊತ್ತಿಲ್ಲ."

"ಇಲಿಗಳಲ್ಲಿ ನೋಡಬಹುದು ಸರ್."

"ಇಲಿ ಎಲುಬು ನಮ್ಮ ಎಲುಬು ಒಂದೇನ್ರಿ? ಯಾರರ ಒಬ್ಬರ ಟವೆಲ್ ಬಿಡಿಸಿ, ಮದ್ದು ಹಾಕದ, ಮಜ್ಜಿ ತಗದು ತಗದು ನೋಡಬೇಕಾಗ್ತದ. ಭಾಳ ಹಳೇ ಟವೆಲ್ ಇದ್ದವರು ಆಗಬೇಕು. ಉಳದವರ ಲೆಕ್ಕ ಅವರ ಮ್ಯಾಲೇ ನಿಂದರ್ತದ." ಅವರು ಮೇಜಿನ ಮೇಲಿನ ನೀರಿನ ಲೋಟವನ್ನು ಸುಮ್ಮನೆ ತಿರುಗಿಸಿದರು. "ಆ ಹೆಸರು ನಾ ಹೇಳಂಗಿಲ್ರಿ. ನಿಮಗ ಗೊತ್ತದ."

ಗೊತ್ತಿತ್ತು. ಎಲ್ಲರಿಗಿಂತ ಹಳೆಯ ಟವೆಲ್ ಇದ್ದದ್ದು ಗುಬ್ಬಿಯಲ್ಲಿ. ಶಾಂಭವಿಗೆ ಇನಾಮದಾರರ ಮೇಲೆ ಕೋಪ ಬಂತು, ಕೋಪಕ್ಕೆ ಕಾರಣವಿಲ್ಲವೆಂದು ತಿಳಿದು ಅಳು ಬಂತು. ಅಣ್ಣನನ್ನು ಬಿಟ್ಟು ಬೇರೆ ಯಾರಾದರೂ ಆಗಲಿ ಎಂದು ಅವಳ ಮನಸ್ಸು ನಾಚಿಕೆಯಿಲ್ಲದೆ ಹುಡುಕತೊಡಗಿತು. ಎರಡನೆಯವರು ಕ್ಯಾತ್ಸಂದ್ರದ ಒಬ್ಬ ಟೈಲರ್. ಅವರಿಗೂ ಒಬ್ಬ ತಂಗಿ ಇರಬಹುದು ಎಂದು ಯೋಚಿಸಿ ಅಲ್ಲಿಗೇ ಬಿಟ್ಟಳು.

ಬಸ್ಸು ಹಿಡಿದು ಗುಬ್ಬಿಗೆ ಹೋದಳು. ಅಣ್ಣನಿಗೆ ಎಲ್ಲವನ್ನೂ ಹೇಳಿ, ನೀನು ಒಪ್ಪಬೇಡ ಎಂದು ಹೇಳಿ ಬರುವುದು ಅವಳ ಲೆಕ್ಕಾಚಾರವಾಗಿತ್ತು.

ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಮರುಳಪ್ಪನ ಮನೆ. ರಿಟೈರಾದ ಮೇಲೂ ಬಸ್ಸಿನ ಸದ್ದು ಕೇಳುವ ಕಡೆಯೇ ಮನೆ ಬೇಕೆಂದು ಹಟ ಹಿಡಿದು ಮಾಡಿದ್ದ. ಈಗಿನ ಬಸ್ಸುಗಳಿಗೆ ಸದ್ದೇ ಇಲ್ಲದ್ದು ಅವನ ದೊಡ್ಡ ತಕರಾರು. ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದ. ಮುಖ ಬಿಳಿಚಿತ್ತು. ನಾಲ್ಕು ಕಾಯಿ ಸುಲಿದು ಒಂದಿಷ್ಟು ಸುಧಾರಿಸಿಕೊಳ್ಳುತ್ತಿದ್ದ. ವಯಸ್ಸಾಯಿತಲ್ಲ ಎಂದು ಮನೆಯವರೆಲ್ಲ ಸುಮ್ಮನಿದ್ದರು. ಮಜ್ಜೆಯಲ್ಲಿ ರಕ್ತದ ಸೀಟುಗಳು ಕಡಿಮೆಯಾಗುತ್ತಿರುವ ಲಕ್ಷಣ ಅದು ಎಂದು ಶಾಂಭವಿಗೆ ಈಗ ಕಂಡಿತು, ಮೊದಲೇ ಕಾಣಬೇಕಿತ್ತು.

"ಏನವ್ವ, ದೊಡ್ಡ ಡಾಕ್ಟ್ರು ಹೇಳ್ದೆ ಕೇಳ್ದೆ ಬಂದ್ಬುಟ್ರು" ಎಂದ ಮರುಳಪ್ಪ. "ಏ ದಾಕ್ಷಾಯಿಣಿ, ಮುದ್ದೆಗೆ ಒಂದಿಷ್ಟು ಹಿಟ್ಟು ಜಾಸ್ತಿ ಹಾಕು."

ಊಟ ಆಗುವವರೆಗೆ ಅವಳು ಬಾಯಿ ಬಿಡಲಿಲ್ಲ. ಆಮೇಲೆ ಅತ್ತಿಗೆ ದಾಕ್ಷಾಯಿಣಿಯನ್ನೂ ಕೂರಿಸಿಕೊಂಡು ಒಂದನ್ನೂ ಮುಚ್ಚಿಡದೆ ಹೇಳಿದಳು. ಮೇಷ್ಟರ ಮೂಳೆ, ಹಸಿರಿನ ಅಡಿಯ ಕೆಂಪು, ಬಿಡಿಸುವ ಇಂಜೆಕ್ಷನ್, ಮದ್ದಿಲ್ಲದೆ ಕಾಯಬೇಕಾದ ಆ ಮೊದಲ ಮನುಷ್ಯ.

"ನನ್ನೊಳ್ಗೂ ಕೂತವೆ ಅಂತೀಯಾ?" ಎಂದ ಮರುಳಪ್ಪ.

"ಇರಬಹುದು ಅಣ್ಣ. ನಿನ್ನ ರಕ್ತ ನೋಡಿದ್ರೆ ಇದೆ ಅಂತ್ಲೇ ಅನ್ಸುತ್ತೆ."

"ತೆಗೀದೆ ಹಂಗೇ ಬಿಟ್ರೆ?"

"ಮಲಗಿರೋವರೆಗೂ ಮಲಗಿರುತ್ವೆ. ನೀನು ಬೀಳ್ಬಾರ್ದು, ಮೂಳೆ ಸವೀಬಾರ್ದು. ಎಷ್ಟು ವರ್ಷ ಅಂತ ನಂಗೆ ಹೇಳಕ್ಕಾಗಲ್ಲ. ಆದ್ರೆ ಒಂದಷ್ಟು ವರ್ಷ ಸಿಗುತ್ತೆ. ನೀನು ಬೇಡ ಅನ್ನು. ಬೇಡ ಅಂದ್ರೆ ಯಾರೂ ಏನೂ ಅನ್ನಲ್ಲ."

ದಾಕ್ಷಾಯಿಣಿ ಸೆರಗಿನಿಂದ ಕೈ ಒರೆಸುತ್ತಲೇ ಇದ್ದರು. ಕೈಯಲ್ಲಿ ಒದ್ದೆ ಇರಲಿಲ್ಲ. "ಅಷ್ಟು ದೊಡ್ಡ ಊರಲ್ಲಿ ಬೇರೆ ಯಾರೂ ಇಲ್ವೇನವ್ವ ನಿನ್ಗೆ?" ಎಂದರು. ಬೈದು ಕೇಳಿದ್ದರೆ ಶಾಂಭವಿ ತಡೆದುಕೊಳ್ಳುತ್ತಿದ್ದಳು. ಅವರು ಬೈಯಲಿಲ್ಲ.

"ಅವತ್ತು ಎಡಗಡೆ ಸೂಜಿ ಬಿಡ್ಸಿದ್ದು ನಾನು ಅಣ್ಣ" ಎಂದಳು ಶಾಂಭವಿ. "ನೀನು ಅಳೋದು ನೋಡಕ್ಕಾಗ್ಲಿಲ್ಲ. ಆಮೇಲೆ ಎಲ್ಲಾರಿಗೂ ಬಿಟ್ವಿ. ಹಾಕಿದ್ದಿದ್ರೆ ಆಗಲೇ ಗೊತ್ತಾಗ್ತಿತ್ತೇನೋ."

ಮರುಳಪ್ಪ ಅವರೆಕಾಯಿಯ ಸಿಪ್ಪೆಗಳನ್ನು ಕೈಯಿಂದ ಒಟ್ಟುಮಾಡಿದ. "ನಾನಾಗಿದ್ರೂ ಬಿಟ್ಬಿಡ್ತಿದ್ದೆ. ನೀನು ಅತ್ರೆ ನಂಗೂ ತಡಿಯಕ್ಕಾಗಲ್ಲ" ಎಂದ. ಸ್ವಲ್ಪ ತಡೆದು, "ಆದ್ರೂ ಬಿಡ್ಬಾರ್ದಾಗಿತ್ತು ಕಣವ್ವ" ಎಂದ.

ಅದು ನಿಜವಾಗಿತ್ತು.

"ಬಸ್ಸು ಮುಂದಕ್ಕೆ ಹೋಗೋವಾಗ ಕಂಡಕ್ಟ್ರು ಒಳ್ಗಿದ್ರೂ ನಡೀತದೆ" ಎಂದ ಅವನು, ಬೀದಿಯ ಕಡೆ ನೋಡುತ್ತ. "ರಿವರ್ಸ್ ತೆಗೆಯೋವಾಗ ಮಾತ್ರ ಇಳ್ದು ಹಿಂದ್ಗಡೆ ನಿಂತು ಸೀಟಿ ಊದ್ಬೇಕು. ಡ್ರೈವರ್ರಿಗೆ ಹಿಂದೆ ಏನೈತೆ ಅಂತ ಕಾಣಲ್ಲ. ಮಳೆ ಇರ್ಲಿ ಕತ್ಲೆ ಇರ್ಲಿ, ಇಳೀಲೇಬೇಕು. ನಾನು ಇಳೀದೆ ಇದ್ದಿದ್ದು ಒಂದ್ ದಿನ ಇಲ್ಲ. ನೀನೇ ನೋಡಿದ್ದೀಯಲ್ಲ."

"ಅಣ್ಣ, ಇದು ಬಸ್ಸಲ್ಲ."

"ಮೊದ್ಲು ಹತ್ತಿದೋನು ನಾನು. ನನ್ ನೋಡ್ಕಂಡು ಈ ಬೀದಿಲೇ ಎಷ್ಟ್ ಜನ ಹತ್ತಿದ್ರು. ಪಕ್ಕದ್ಮನೆ ರುದ್ರಣ್ಣಂಗೆ ನಾನೇ ಹೇಳಿ ಹಾಕ್ಸಿದ್ದು. ಈಗ ನಂಗೊಬ್ಬಂಗೆ ಆಗಲ್ಲ ಅಂದ್ರೆ ಅವ್ನ ಮುಖ ಹೆಂಗೆ ನೋಡ್ಲಿ?" ಅವನು ಹೆಂಡತಿಯ ಕಡೆ ತಿರುಗಿದ. "ನೀನು ಸುಮ್ನಿರು ದಾಕ್ಷಿ. ಹೆಂಗೂ ನಾಲ್ಕು ಕಾಯಿ ಸುಲಿಯಕ್ಕೆ ಸುಸ್ತಾಯ್ತದೆ." ಆಮೇಲೆ ತಂಗಿಗೆ, "ಒಂದು ಮಾತು. ಸೂಜಿ ಬೇರೆ ಯಾರೂ ಹಾಕಂಗಿಲ್ಲ. ನೀನೇ ಹಾಕ್ಬೇಕು" ಎಂದ.

ಬೇಡ ಅನ್ನಿಸಲು ಬಂದವಳು ಅವನನ್ನೇ ಒಪ್ಪಿಸಿಕೊಂಡು ಹಿಂತಿರುಗಿದಳು. ಬಸ್ಸಿನಲ್ಲಿ ಸೆರಗು ಬಾಯಿಗೊತ್ತಿ ಅತ್ತಳು. ಪಕ್ಕದ ಹೆಂಗಸು "ಯಾರು ಹೋದ್ರವ್ವ?" ಎಂದು ಕೇಳಿದಳು. ಇನ್ನೂ ಯಾರೂ ಹೋಗಿಲ್ಲ ಎಂದು ಹೇಗೆ ಹೇಳುವುದು?

ಕೇಂದ್ರದ ಮೇಲಿನ ಮಹಡಿಯಲ್ಲಿ ಮರುಳಪ್ಪನಿಗೆ ಕೋಣೆ ಕೊಟ್ಟರು. ಕಿಟಕಿಯಿಂದ ಹೆದ್ದಾರಿ ಕಾಣುತ್ತಿತ್ತು. ಬಿಡಿಸುವ ಇಂಜೆಕ್ಷನ್ ಕೊಟ್ಟ ದಿನದಿಂದ ಶಾಂಭವಿ ಅವನ ಮೂಳೆಗೆ ಸೂಜಿ ಹಾಕತೊಡಗಿದಳು. ಈ ಸಲ ಅವನು ಅಳಲಿಲ್ಲ. ಡ್ಯೂಟಿಯ ಕಾಲದ ಹಳೆಯ ಸೀಟಿಯನ್ನು ತಂದಿದ್ದ, ಮಗ್ಗುಲಾಗಿ ಮಲಗಿ ಅದನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಿದ್ದ. ಸೂಜಿ ಮೂಳೆಯೊಳಗೆ ತಿರುಗುವಾಗ ಅವನ ಉಸಿರಿಗೆ ಅದರಿಂದ ಸಣ್ಣದೊಂದು ಸಿಳ್ಳು ಹೊರಡುತ್ತಿತ್ತು. ಆ ಸಿಳ್ಳು ಶಾಂಭವಿಯ ಕಿವಿಯಿಂದ ಆಮೇಲೆ ಹೋಗಲೇ ಇಲ್ಲ. ಅವಳು ಒಳಗೊಳಗೇ ಅವನ ರೂಟಿನ ಊರುಗಳ ಹೆಸರು ಹೇಳಿಕೊಳ್ಳುತ್ತಿದ್ದಳು, ಮಲ್ಲಸಂದ್ರ, ಹೆಗ್ಗೆರೆ, ಗುಬ್ಬಿ, ನಿಟ್ಟೂರು ಎಂದು, ಕ್ರಮ ತಪ್ಪಿದರೂ ನಿಲ್ಲಿಸದೆ.

ರೆಹಾನಾ ಪ್ರತಿಸಲವೂ ಗಾಜು ನೋಡಿ "ಮಲಗಿವೆ" ಎನ್ನುತ್ತಿದ್ದಳು. ಎಡಸೊಂಟದಲ್ಲಿ ಮಲಗಿದ್ದವು. ಅವತ್ತು ಬಿಟ್ಟ ಎಡಸೊಂಟದಲ್ಲಿ. ಶಾಂಭವಿ ಅದನ್ನು ಯಾರಿಗೂ ಹೇಳಲಿಲ್ಲ, ರೆಹಾನಾ ಕೂಡ ಎತ್ತಲಿಲ್ಲ.

ಒಂದು ಬೆಳಿಗ್ಗೆ ರೆಹಾನಾ "ಮಲಗಿವೆ" ಎನ್ನಲಿಲ್ಲ. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. ಒಂದಿದ್ದದ್ದು ಎರಡಾಗಿತ್ತು. ಬೇಕಾಗಿದ್ದ ಹೊತ್ತು ಸಿಕ್ಕಿತ್ತು. ಮರುಳಪ್ಪನಿಗೆ ಆ ಗಳಿಗೆಯೇ ಮದ್ದು ಹತ್ತಿಸಿದರು. ಕಾಯುತ್ತಿದ್ದವರಿಗೆಲ್ಲ, ಟವೆಲ್ ಬಿಡಿಸಿದ ಮೇಲೆ ಇಷ್ಟು ಕಾಲಕ್ಕೆ ಮದ್ದು ಎಂದು ಗೊತ್ತಾಯಿತು. ಇನಾಮದಾರರು ಓಡಿ ಬಂದು ಮರುಳಪ್ಪನ ಎರಡೂ ಕೈ ಹಿಡಿದುಕೊಂಡರು.

ಎಲ್ಲ ಅಷ್ಟಕ್ಕೇ ನಿಂತಿದ್ದರೆ ಈ ಕಥೆಯನ್ನು ನಗುತ್ತ ಹೇಳಬಹುದಿತ್ತು. ಸೊಂಟದಲ್ಲಿ ಕಾದು ಕೂತವರಿಗೆ ಬೆನ್ನೆಲುಬಿನಲ್ಲಿ ಏನಾಗುತ್ತಿದೆಯೆಂದು ಕಾಣಲಿಲ್ಲ. ಭಾರ ಹೊರುವ ಮೂಳೆ, ದಿನವೂ ಸವೆಯುವ ಮೂಳೆ, ಅಲ್ಲಿ ಅವು ಮೊದಲೇ ಎದ್ದಿದ್ದವು. ಮರುಳಪ್ಪ ಒಂದು ಮಧ್ಯಾಹ್ನ "ಕಾಲು ಜೋಮು ಹಿಡಿದೈತೆ" ಎಂದ. ಸಂಜೆಗೆ ಕಾಲೇ ಏಳಲಿಲ್ಲ. ಉಳಿದವರಿಗೆ ಮದ್ದನ್ನು ಇನ್ನಷ್ಟು ಮುಂಚೆ ಕೊಡಬೇಕೆಂಬ ಪಾಠ ಆ ಕಾಲುಗಳಿಂದ ಬಂತು.

ರುದ್ರಣ್ಣನ ಟವೆಲ್ ಬಿಡಿಸಿದರು, ಅವನೊಳಗಿನವು ಏಳುವ ಹೊತ್ತಿಗೆ ಸರಿಯಾಗಿ ಮದ್ದು ಬಿತ್ತು. ರೆಹಾನಾಳ ತಂದೆಯ ಮಜ್ಜೆಯಲ್ಲಿ ಏನೂ ಇರಲೇ ಇಲ್ಲ. ಕ್ಯಾತ್ಸಂದ್ರದ ಟೈಲರಿಗೆ ಮಾತ್ರ ಮದ್ದು ಹಿಡಿಯಲಿಲ್ಲ. ಮಲಗಿದ್ದನ್ನು ಎಬ್ಬಿಸಬೇಡಿ ಎಂದು ಕೈಮುಗಿದು ಮನೆಯಲ್ಲೇ ಉಳಿದವರೂ ಬಹಳ ಮಂದಿ. ಅವರು ಜಾರಿ ಬೀಳುವ ಭಯದಿಂದ ಬಚ್ಚಲಿಗೂ ಗೋಡೆ ಹಿಡಿದು ಹೋಗುತ್ತಿದ್ದರು. ಹೆಗಲ ಮೇಲಿನ ಹಸಿರು ಟವೆಲ್ಲುಗಳು ಊರಿನಿಂದ ಒಂದೊಂದಾಗಿ ಮಾಯವಾದವು.

ಮರುಳಪ್ಪ ಶಿವರಾತ್ರಿ ಕಳೆದು ಕೆಲವು ದಿನಕ್ಕೆ ಹೋದ. ಕೊನೆಯ ದಿನಗಳಲ್ಲಿ ಹಾಸಿಗೆ ಅಲುಗಿದರೂ ನೋವಾಗುತ್ತಿತ್ತು. ದಾಕ್ಷಾಯಿಣಿ ಬಳೆ ಸದ್ದಾಗದ ಹಾಗೆ ಅವನ ಬಾಯಿಗೆ ಗಂಜಿ ಹಾಕುತ್ತಿದ್ದರು. ಒಂದು ಸಲ ಅವನು ತಂಗಿಯನ್ನು ಕರೆದು, "ಅಜ್ಜಿ ಒಂದು ಟವೆಲ್ ಹೊದ್ಕಂಡು ಹುಳಿಯಾರ್ಗಂಟ ಬಂತಲ್ಲ, ನೆಪ್ಪೈತಾ?" ಎಂದ. "ನಂಗೆ ಗೊತ್ತಿತ್ತು ಕಣೆ, ಅದ್ರತ್ರ ಟಿಕೆಟ್ ಇಲ್ಲ ಅಂತ. ಪಾಪ ಅಂತ ಬಿಟ್ಟಿದ್ದೆ." ಅದನ್ನು ಹೇಳಿ ನಗಲು ಹೋದ. ನಗುವುದಕ್ಕೂ ಮೂಳೆ ಬೇಕಾಗುತ್ತದೆ ಎಂದು ಶಾಂಭವಿಗೆ ಅವತ್ತು ತಿಳಿಯಿತು.

ಕಾರ್ಯವೆಲ್ಲ ಮುಗಿದ ಮೇಲೆ ದಾಕ್ಷಾಯಿಣಿ ಅವಳ ಕೈಗೆ ಆ ಕೆಂಪು ಅಂಚಿನ ಟವೆಲ್ ಕೊಟ್ಟರು. "ನಿಂಗೇ ಅಂತ ಇಟ್ಟಿದ್ರು" ಎಂದಷ್ಟೇ ಹೇಳಿ ಒಳಗೆ ಹೋದರು. ಅವರು ಶಾಂಭವಿಯ ಮುಖ ನೋಡಿ ಮಾತಾಡುವುದನ್ನು ಬಿಟ್ಟು ಬಹಳ ದಿನವಾಗಿತ್ತು. ಮುಂದೆಂದಾದರೂ ಮಾತಾಡಿಯಾರು ಎಂಬ ಆಸೆಯನ್ನು ಅವಳೂ ಇಟ್ಟುಕೊಳ್ಳಲಿಲ್ಲ.

ಗುಬ್ಬಿಯಲ್ಲಿ ತುಮಕೂರಿನ ಬಸ್ಸು ಖಾಲಿಯಿತ್ತು. ಡ್ರೈವರ್ ಹಿಂದಿನ ಸೀಟಿನಲ್ಲಿ ಕಿಟಕಿಯ ಪಕ್ಕ ಕೂತಳು. ಟವೆಲ್ಲನ್ನು ತೊಡೆಯ ಮೇಲೆ ಇಟ್ಟುಕೊಂಡವಳು, ಯಾವಾಗಲೋ ಅದನ್ನು ಬಿಡಿಸಿ ಪಕ್ಕದ ಸೀಟಿನ ಮೇಲೆ ಹಾಸಿದ್ದಳು. ತಾನು ಹಾಸಿದ್ದು ಅವಳಿಗೇ ಗೊತ್ತಾಗಲಿಲ್ಲ. ಹೊರಡುವ ಹೊತ್ತಿಗೆ ಜನ ನುಗ್ಗಿದರು. ಬಸ್ಸು ತುಂಬಿತು. ಹತ್ತಿದವರೆಲ್ಲ ಟವೆಲ್ ನೋಡಿ ಮುಂದೆ ಹೋದರು, ಹಿಂದೆ ಕಂಬಿ ಹಿಡಿದು ನಿಂತರು. ಕೊನೆಗೆ ವಯಸ್ಸಾದ ಒಬ್ಬರು, ಒಂದು ಕೈಯಲ್ಲಿ ಸೊಂಟ ಒತ್ತಿ ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಅವಳ ಪಕ್ಕ ನಿಂತರು.

"ಯಾರಾದ್ರೂ ಬರ್ತಾರೇನವ್ವ?" ಎಂದು ಕೇಳಿದರು.

ಶಾಂಭವಿ ಟವೆಲ್ಲನ್ನೇ ನೋಡಿದಳು. ಆ ಮುದುಕರು ಅವಸರ ಮಾಡದೆ, ಟವೆಲ್ ಮುಟ್ಟದೆ, ಕಾಯುತ್ತ ನಿಂತಿದ್ದರು.

ಅವಳು ಟವೆಲ್ ಎತ್ತಿದಳು. ಅದರ ಅಡಿಯಲ್ಲಿ ಏನಾದರೂ ಇದೆಯೇ ಎಂದು ಬಗ್ಗಿ ನೋಡಿದಳು. ಬರೀ ಸೀಟು.

"ಇಲ್ಲ, ಯಾರೂ ಬರಲ್ಲ" ಎಂದಳು. "ಕೂತ್ಕಳಿ."

ಹೊರಗೆ ಕಂಡಕ್ಟರು ಇಳಿದು ಬಸ್ಸಿನ ಹಿಂದೆ ಹೋಗಿ ಸೀಟಿ ಊದಿದ. ಬಸ್ಸು ಮೆಲ್ಲಗೆ ಹಿಂದಕ್ಕೆ ಸರಿಯಿತು.